ಗೋದಾಮಿನಲ್ಲಿ ಕಂಡ ಗಂಡು

೫-೨-೧೯೮೨, ಶುಕ್ರವಾರ

ಹುಣಸೆಹಣ್ಣು ಕುಟ್ಟಿಸಿದ್ದಾಯಿತು. ಬೀಜ ಬೇರೆ, ನಾರು ಬೇರೆ. ಪ್ರತಿ ವರ್ಷ ಹೇಳಬೇಕು. ಆಳುಗಳಿಗೆ ತಲೆಗೆ ಹೋಗುವುದಿಲ್ಲ.

ಮಧುಗಿರಿಯಿಂದ ದಾಕ್ಷಾಯಣಮ್ಮ ಹೇಳಿ ಕಳಿಸಿದ್ದಾರೆ. ಭಾನುವಾರ ಬರಬೇಕಂತೆ. ಕಿರಿಮಗಳು ಸರ್ವಮಂಗಳಾಗೆ ಗೊತ್ತು ಮಾಡುತ್ತಿರುವ ಗಂಡು ಅವರ ಮಗ ರೇಣುಕಯ್ಯ. ಕಾಲೇಜಿನಲ್ಲಿ ಲೆಕ್ಚರರು, ಎನ್‌ಸಿಸಿ ಆಫೀಸರು. ಹಳೆಯ ಕಡಲೆಕಾಯಿ ಗೋದಾಮಿನೊಳಗೆ ಹುಡುಗರಿಗೆ ರೈಫಲ್ ಕಲಿಸುತ್ತಾನೆ. ಅಲ್ಲೇ ನೋಡುತ್ತೇನೆ ಅಂತ ಹಟ ಹಿಡಿದದ್ದು ನಾನೇ. ಹಿರಿಯಳಿಯನನ್ನೂ ಅವನ ವ್ಯಾಪಾರದ ಮಂಡಿಯಲ್ಲಿ ಕೂತು ನೋಡಿ ಒಪ್ಪಿದವಳು. ಮನೆಗೆ ಬಂದು ಉಪ್ಪಿಟ್ಟು ತಿನ್ನುವಾಗ ಎಲ್ಲ ಗಂಡುಗಳೂ ಒಳ್ಳೆಯವರೇ.

"ಅಲ್ಲಿಗೇ ಹೋಗಬೇಕೇನಮ್ಮ?" ಅಂದಳು ಮಗಳು.
"ಯಾಕೆ?"
"ಸುಮ್ಮನೆ ಕೇಳಿದೆ."

ಅವಳೂ ಮಧುಗಿರಿಯಲ್ಲೇ ಟೀಚರು, ದಿನಾ ಕೊರಟಗೆರೆಯಿಂದ ಬಸ್ಸು. ಅವನನ್ನು ಅಲ್ಲಿ ನೋಡಿ, ಮಾತಾಡಿ ಬಲ್ಲಳು. ಒಪ್ಪಿಗೆಯೂ ಇದೆ. ಮತ್ತೇಕೆ ಮುಖ ಸಣ್ಣಗೆ ಮಾಡಿಕೊಂಡಳೋ.

೭-೨-೮೨, ಸಂಜೆ

ಈಗ ಬಂದೆ. ಸ್ನಾನ ಮಾಡಿ, ಪೂಜೆ ಮುಗಿಸಿ ಬರೆಯುತ್ತಿದ್ದೇನೆ.

ಗೋದಾಮು ಉದ್ದ. ಒಂದು ತುದಿಯಲ್ಲಿ ಮರಳಿನ ಮೂಟೆ, ಅದರ ಮುಂದೆ ಕಾಗದದ ಗುರಿ. ಈ ತುದಿಯಲ್ಲಿ ಚಾಪೆ. ಪಕ್ಕದ ಬೆಂಚಿನಲ್ಲಿ ದಾಕ್ಷಾಯಣಮ್ಮ, ನಾನು. ರೇಣುಕಯ್ಯ ಹುಡುಗರಿಗೆ ಮೆತ್ತಗೆ ಹೇಳಿಕೊಡುತ್ತಿದ್ದ. ಬೈಗುಳವಿಲ್ಲ. ಮೆಚ್ಚಿದೆ. ಆಮೇಲೆ ತಾನೇ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದ.

ಹೊಡೆಯಲೇ ಇಲ್ಲ. ರೈಫಲ್ ಪಕ್ಕಕ್ಕೆ ಜಾರಿತು. ಕಾಲು ಸೆಟೆದುಕೊಂಡವು. ಮೈಯೆಲ್ಲ ಅದುರತೊಡಗಿತು—ಮೂರ್ಛೆರೋಗ.

ಕಾವಲುಗಾರ ಓಬಳಪ್ಪ ಓಡಿ ಬಂದ. "ಕಬ್ಣ ಹಿಡ್ಸ್ರಪ್ಪೋ ಕೈಗೆ! ಕಬ್ಣ!" ಹತ್ತಿರ ಇದ್ದ ಕಬ್ಬಿಣ ಯಾವುದು? ರೈಫಲ್ಲೇ. ಎತ್ತಿದವನೇ ಅದುರುವ ಮುಷ್ಟಿಯೊಳಗೆ ತುರುಕಿದ. ಗುಂಡು ಒಳಗೇ ಇದೆ. ನಳಿಗೆಯ ಬಾಯಿ ನಮ್ಮ ಬೆಂಚಿನ ಕಡೆಗೆ. ರೇಣುಕಯ್ಯನ ಬೆರಳು ರೈಫಲ್ಲಿನ ಕುದುರೆಯ ಹತ್ತಿರ ಬಡಿದುಕೊಳ್ಳುತ್ತಿದೆ.

ಕಾಡುಹಂದಿ ಕಾಟಕ್ಕೆ ನಮ್ಮ ಮನೆಯವರು ಕೋವಿ ಇಟ್ಟಿದ್ದರು. ನನಗೆ ಕೋವಿಯ ಭಯವಿಲ್ಲ, ಮರ್ಯಾದೆ ಇದೆ. ಎದ್ದು ಹೋಗಿ, ಬಾಯಿಯನ್ನು ಮರಳಿನ ಮೂಟೆಗಳ ಕಡೆ ತಿರುಗಿಸಿ, ಕಿತ್ತುಕೊಂಡೆ. ಹುಡುಗರ ಜೊತೆಗಿದ್ದ ಹವಾಲ್ದಾರನಿಗೆ ಕೊಟ್ಟೆ. ಅವನು ಗುಂಡು ತೆಗೆದಿಟ್ಟ.

"ಬುದ್ಧಿ ಇದೆಯೇನೋ ನಿನಗೆ?" ಅಂದೆ ಓಬಳಪ್ಪನಿಗೆ.
"ಕಬ್ಣ ಕಬ್ಣವೇ ಅಲ್ವೇನವ್ವಾ... ಅಂಗೇ ಬುಡಕ್ಕಾಯ್ತದಾ?"

ಅಷ್ಟರಲ್ಲಿ ದಾಕ್ಷಾಯಣಮ್ಮ ಮಗನನ್ನು ಮಗ್ಗುಲಿಗೆ ಹೊರಳಿಸಿ, ಕಾಲರು ಸಡಿಲಿಸಿ, ಸೆರಗಿನಿಂದ ನೊರೆ ಒರೆಸುತ್ತಿದ್ದರು. ಕೂಗಲಿಲ್ಲ. ಅಳಲಿಲ್ಲ. ಸುಮ್ಮನೆ ಕಾದರು. ನೋಡುತ್ತಾ ನಿಂತೆ. ಆ ಕೈಗಳಿಗೆ ಇದು ಹೊಸದಲ್ಲ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಮೊದಲು ನೋಡಿದ್ದು ನನ್ನನ್ನು. ತಕ್ಷಣ ಮುಖ ತಿರುಗಿಸಿಕೊಂಡ.

ಬಸ್ಸು ಹತ್ತಿಸುವಾಗ ದಾಕ್ಷಾಯಣಮ್ಮ ಅಂದರು: "ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ನೋಡಿ. ಪಿತ್ತ ನೆತ್ತಿಗೇರಿದೆ, ಅಷ್ಟೇ."

ನಾನು ಬಸ್ಸು ಹತ್ತಿದೆ.

೮-೨-೮೨

ಮಗಳಿಗೆ ನಡೆದದ್ದನ್ನು ಹೇಳಿದೆ. ಗಾಬರಿಯಾಗಲಿಲ್ಲ. "ಏಟು ಬಿತ್ತೇನಮ್ಮ ಅವರಿಗೆ?" ಅಂತ ಮಾತ್ರ ಕೇಳಿದಳು.

"ನಿನಗೆ ಗೊತ್ತಿತ್ತು."
"ಹೂಂ. ಅವರೇ ಹೇಳಿದ್ರು, ಮೊದಲನೇ ದಿನವೇ. ಚಿಕ್ಕಂದಿನಿಂದ ಇದೆ. ಮಾತ್ರೆ ತಗೋತಾರೆ, ಎರಡು ವರ್ಷದಿಂದ ಬಂದಿರಲಿಲ್ಲ."
"ನನಗ್ಯಾಕೆ ಹೇಳಲಿಲ್ಲ?"
"ಹೇಳಿದ್ರೆ ನೀನು ಆ ಬೆಂಚಿನವರೆಗೂ ಹೋಗ್ತಿರಲಿಲ್ಲ."

ನಿಜ. ಹೋಗುತ್ತಿರಲಿಲ್ಲ. ಅದನ್ನು ಅವಳೆದುರು ಒಪ್ಪಿಕೊಳ್ಳಲಿಲ್ಲ.

೧೭-೨-೮೨

ದಾಕ್ಷಾಯಣಮ್ಮ ಬಂದಿದ್ದರು, ಹೂ ಹಣ್ಣು ಹಿಡಿದು. ಶಿವರಾತ್ರಿ ಕಳೆದ ಮೇಲೆ ವೀಳ್ಯಶಾಸ್ತ್ರಕ್ಕೆ ದಿನ ನೋಡೋಣ ಅಂದರು. ನಾನು ಒಂದೇ ಕೇಳಿದೆ: "ಅವತ್ತಿನದು ಏನು?"

"ಹೇಳಿದೆನಲ್ಲ, ಪಿತ್ತ."

"ಅಮ್ಮಾ, ನಾನೂ ಮಕ್ಕಳನ್ನು ಹೆತ್ತವಳು. ರೋಗಕ್ಕೆ ನಾನು ಹೆದರುವವಳಲ್ಲ. ನನ್ನ ಮನೆಯಲ್ಲಿ ಕೂತು ಸುಳ್ಳು ಹೇಳಬೇಡಿ."

ಅವರ ಮುಖ ಬಿಳಿಚಿಕೊಂಡಿತು. "ಹೇಳಿದಲ್ಲೆಲ್ಲಾ ಎದ್ದು ಹೋದ್ರು. ಮೂರು ಮನೆಯವ್ರು. ಇನ್ನೇನ್ ಮಾಡ್ಲಿ ನಾನು?" ಅಂದವರು ಎದ್ದೇ ಬಿಟ್ಟರು. ಕಾಫಿ ಹಾಗೇ ಉಳಿಯಿತು.

ಸಿಟ್ಟು ಬಂದಿತ್ತು. ಸಂಜೆಯ ಹೊತ್ತಿಗೆ ಇರಲಿಲ್ಲ.

೨೪-೨-೮೨

ಮಠದ ಅಯ್ಯನವರು ವೀಳ್ಯಶಾಸ್ತ್ರಕ್ಕೆ ದಿನ ನೋಡಲೇ ಅಂತ ಕೇಳಿಕೊಂಡು ಬಂದರು. ಈಗಲೇ ಏನೂ ಹೇಳಲಾರೆ ಅಂದೆ. ಸರ್ವಮಂಗಳಾ ಊಟಕ್ಕೆ ಕೂರುತ್ತಾಳೆ, ತಿನ್ನುವುದಿಲ್ಲ. ನಾನೂ ಕರೆದು ಕೇಳುವುದಿಲ್ಲ. ಒಂದೇ ಹಟದ ಎರಡು ಹೆಂಗಸರು.

೨೮-೨-೮೨, ಭಾನುವಾರ

ಬೆಳಗಿನ ಬಸ್ಸಿಗೆ ರೇಣುಕಯ್ಯ ಬಂದ. ಒಬ್ಬನೇ. ಕೂರಲಿಲ್ಲ.

"ಅಮ್ಮ ಹೇಳಿದ್ದು ತಪ್ಪು. ನಾನೇ ಬಂದು ಹೇಳಬೇಕಿತ್ತು. ಮೂರ್ಛೆರೋಗ. ವಾಸಿಯಾಗುತ್ತೆ ಅಂತ ಡಾಕ್ಟರು ಹೇಳಲ್ಲ, ಹತೋಟಿಯಲ್ಲಿರುತ್ತೆ ಅಂತಾರೆ. ಎನ್‌ಸಿಸಿ ಬಿಟ್ಟೆ. ಇನ್ನು ರೈಫಲ್ ಮುಟ್ಟಲ್ಲ. ನೀವು ಬೇಡ ಅಂದ್ರೆ ನಾನು ಸಿಟ್ಟು ಮಾಡ್ಕೊಳಲ್ಲ."

ಬಾಗಿಲ ಹಿಂದೆ ಮಗಳ ಬಳೆ ಸದ್ದಾಯಿತು.

"ಮುಂಚೆ ಗೊತ್ತಾಗುತ್ತದೆಯೇ?" ಅಂದೆ.
"ಒಂದೊಂದು ಸಲ. ಬಾಯಿ ಕಹಿಯಾಗುತ್ತೆ."
"ಬಿದ್ದರೆ ಏನು ಮಾಡಬೇಕು?"
"ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ನೀರು ಹಾಕಬಾರದು. ಹಿಡಿದು ಅದುಮಬಾರದು. ನಿಲ್ಲೋವರೆಗೂ ಪಕ್ಕದಲ್ಲಿರಬೇಕು."

ಸರ್ವಮಂಗಳಾಳನ್ನು ಹೊರಗೆ ಕರೆದೆ. ನಡುಮನೆಯಲ್ಲಿ ಚಾಪೆ ಹಾಸು ಅಂದೆ.

"ಮಲಗಪ್ಪ."
"ಇಲ್ಲೇ?"
"ಮತ್ತೆಲ್ಲಿ? ಮಲಗು."

ಮಲಗಿದ. ಕಿವಿಯೆಲ್ಲ ಕೆಂಪು. ಮಗಳು ಹೆಗಲು ಹಿಡಿದು ಎಳೆದಳು, ಅವನು ಅಲುಗಲಿಲ್ಲ. "ನಾಚಿಕೊಂಡರೆ ಆಗುವುದಿಲ್ಲ. ಮಂಡಿ ಊರು. ಒಂದು ಕೈ ಹೆಗಲಿಗೆ, ಒಂದು ಸೊಂಟಕ್ಕೆ," ಅಂದೆ. ನಾನೂ ಕೂತೆ. ಭಾರದ ಆಳು. ಇಬ್ಬರೂ ಸೇರಿ ಹೊರಳಿಸಿದೆವು. ಒಬ್ಬರಿಗೆ ನಗು, ಒಬ್ಬರಿಗೆ ಅಳು, ಯಾರಿಗೆ ಯಾವುದು ಅಂತ ಗೊತ್ತಾಗದ ಹಾಗೆ.

"ಇದು ಸರಿಯಾಗಲಿಲ್ಲ," ಅಂದೆ. "ಇನ್ನೊಂದು ಸಲ. ಈ ಸಲ ಅವಳೊಬ್ಬಳೇ. ಮದುವೆಯಾದ ಮೇಲೆ ಪಕ್ಕದಲ್ಲಿ ನಾನಿರುವುದಿಲ್ಲ."