ಖರ್ಚಾಗದ ಕೈಗವಸು

ನಗರಸಭೆ ಕಚೇರಿ, ಲೆಕ್ಕಪತ್ರ ಶಾಖೆ
ಮಾರ್ಚ್ ೧೧, ಊಟದ ಬಿಡುವು

ಪ್ರೀತಿಯ ಅಕ್ಕಾ,

ಜ್ವರ ಇಳಿಯಿತೇ? ಕೈಯ ಕಟ್ಟು ಬಿಚ್ಚಿದರೇ? ಆಸ್ಪತ್ರೆಯ ಊಟ ಬಾಯಿಗೆ ಹಿಡಿಸದಿದ್ದರೂ ಬಿಡಬೇಡ, ಮಾತ್ರೆಗೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. ನಿನ್ನ ಮಗಳು ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ. ನನ್ನ ಹೆಂಡತಿಗೇ ಪಾತ್ರೆ ಉಜ್ಜುವುದು ಹೇಗೆಂದು ಹೇಳಿಕೊಡುತ್ತಾಳೆ, ಥೇಟ್ ನಿನ್ನದೇ ಬಾಯಿ.

ಹೋದ ವಾರ ನಿನ್ನನ್ನು ನೋಡಲು ಬಂದವನು ಕಾಲು ಗಂಟೆಯೂ ಕೂರದೆ ಎದ್ದುಬಂದೆ. ಪಕ್ಕದ ಹಾಸಿಗೆಯ ಮುದುಕಿಗೆ ನೀನು, "ನನ್ ತಮ್ಮ ಕಣಜ್ಜಿ, ಇಡೀ ಊರಿನ ಲೆಕ್ಕ ಇವನ ಕೈಲೇ ಇರೋದು" ಎಂದು ನನ್ನನ್ನು ತೋರಿಸಿದೆ. ತೋರಿಸಿದ ಕೈಯಲ್ಲಿ ಎರಡು ಬೆರಳು ಇರಲಿಲ್ಲ. ಬಸ್ಸು ತಪ್ಪುತ್ತದೆ ಎಂದೆನಲ್ಲ, ಸುಳ್ಳು. ಬಸ್ಸು ಇದ್ದದ್ದು ಇನ್ನೆರಡು ಗಂಟೆ ಬಿಟ್ಟು.

ಆ ಊರಿನ ಲೆಕ್ಕವನ್ನು ಹೇಗೆ ಮಾಡಿದೆನೆಂದು ಕೇಳು. ಬರುವ ವರ್ಷದ ಬಜೆಟ್ಟಿನಲ್ಲಿ ಆದಾಯಕ್ಕಿಂತ ಖರ್ಚು ಮೇಲಾಗಿ ನಿಂತಿತು. ಅಧ್ಯಕ್ಷರಿಗೆ ಬಸ್ ನಿಲ್ದಾಣದ ಎದುರು ಬಣ್ಣದ ದೀಪದ ಕಾರಂಜಿ ಬೇಕು, ಅದನ್ನು ಮುಟ್ಟುವಂತಿಲ್ಲ. ಸಾಹೇಬರು ಕನ್ನಡಕ ಒರೆಸುತ್ತ, "ಈ ವರ್ಷ ಯಾವ ದುಡ್ಡು ಖರ್ಚಾಗದೆ ಉಳಿದಿದೆ ನೋಡ್ರೀ. ಖರ್ಚಾಗಿಲ್ಲ ಅಂದ್ರೆ ಬೇಕಾಗಿಲ್ಲ ಅಂತ ತಾನೇ?" ಎಂದರು. ಪ್ರತಿ ವರ್ಷ ನಾವು ಮಾಡುವುದೂ ಹೀಗೆಯೇ. ಹುಡುಕಿದೆ. ಒಂದು ಸಾಲಿನಲ್ಲಿ ಬಿಡಿಗಾಸೂ ಖರ್ಚಾಗಿರಲಿಲ್ಲ: ಚರಂಡಿ ಕೆಲಸದವರ ಕೈಗವಸು ಮತ್ತು ಬೂಟು. ಹೊಡೆದುಹಾಕಿದೆ. ಬಜೆಟ್ಟು ಸರಿದೂಗಿತು. ಸಾಹೇಬರು ಬೆನ್ನು ತಟ್ಟಿ "ಭೇಷ್" ಎಂದರು. ನಾನು ಹಲ್ಲು ಕಿರಿದೆ.

ಅದು ಯಾಕೆ ಖರ್ಚಾಗಲಿಲ್ಲ, ಗೊತ್ತೇ? ಕಡತ ಏಳು ತಿಂಗಳು ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ಮೂರು ಅಂಗಡಿಗಳ ದರಪಟ್ಟಿ ಬೇಕಿತ್ತು, ಎರಡೇ ಇದ್ದವು. ಮೂರನೆಯದಕ್ಕೆ ಕಚೇರಿಯ ಮುಂದಿನ ರಸ್ತೆ ದಾಟಿದ್ದರೆ ಸಾಕಿತ್ತು. ಆ ಅಂಗಡಿಯ ಪಕ್ಕದಲ್ಲೇ ದಿನಾ ಚಹಾ ಕುಡಿದು ಬರುತ್ತಿದ್ದೆ. ನೀವು ಹನ್ನೊಂದು ಹೆಂಗಸರು ಕೈಗವಸು ಕೇಳಲು ಬಂದು ಬಾಗಿಲಲ್ಲಿ ನಿಂತಾಗ, ತಲೆ ಎತ್ತದೆ, "ಕಡತ ನಡೀತಾ ಇದೆ" ಎಂದೆ. ಕಡತಕ್ಕೆಲ್ಲಿ ಕಾಲು! ಒಬ್ಬಳು ನನ್ನ ಮುಖಕ್ಕೇ, "ಏಳು ತಿಂಗ್ಳಿಗೆ ಮಗೂನೇ ಹುಟ್ಟತ್ತೆ ಸ್ವಾಮಿ, ನಿಮ್ ಗ್ಲೌಸ್ ಹುಟ್ಲಿಲ್ವಾ?" ಎಂದಳು. ನೀನು ಅವಳನ್ನು ಗದರಿ, "ನನ್ ತಮ್ಮ ಹೇಳಿದ್ಮೇಲೆ ಆಯ್ತು, ನಡೀರೇ" ಎಂದು ಎಲ್ಲರನ್ನೂ ಕರೆದುಕೊಂಡು ಹೋದೆ. ಹದಿನೈದನೇ ದಿನಕ್ಕೆ ಮಾರುಕಟ್ಟೆಯ ಚರಂಡಿಯಲ್ಲಿ ಒಡೆದ ಗಾಜು ನಿನ್ನ ಬರಿಗೈಗೆ ಹೊಕ್ಕಿತು, ನಂಜೇರಿ ಬೆರಳು ಹೋದವು.

ಈ ಊರು ನಿಮ್ಮ ಕೈಗಳ ಮೇಲೆ ನಿಂತಿದೆ, ಆ ಕೈಗಳಿಗೆ ಮುಚ್ಚಲು ಒಂದು ತುಂಡು ರಬ್ಬರಿಲ್ಲ. ಇದಕ್ಕೆ ಅಧ್ಯಕ್ಷರನ್ನು ಬೈಯಬಹುದು, ಸಾಹೇಬರನ್ನು ಬೈಯಬಹುದು. ನೌಕರರ ಸಂಘದ ಮೆರವಣಿಗೆಗಳಲ್ಲಿ ಮುಷ್ಟಿ ಎತ್ತಿ ಕೂಗಿ ನನಗೆ ಅಭ್ಯಾಸವಿದೆ. ಆದರೆ ನಾವು ಯಾರಿಗೆ ಧಿಕ್ಕಾರ ಕೂಗುತ್ತಿದ್ದೆವೋ ಅವನು ಆ ಏಳು ತಿಂಗಳು ನನ್ನ ಕುರ್ಚಿಯಲ್ಲೇ ಕೂತಿದ್ದ, ನನ್ನ ಅಂಗಿ ತೊಟ್ಟು. ಶಾಲೆಯಿಂದ ಬಂದ ನನ್ನ ಮಸಿ ಮೆತ್ತಿದ ಕೈಯನ್ನು ನೀನು ಉಜ್ಜಿ ಉಜ್ಜಿ ತೊಳೆಯುತ್ತಿದ್ದೆ. ನಾನು ಓದಲೆಂದೇ ನೀನು ಶಾಲೆ ಬಿಟ್ಟವಳು. ಆ ಕೈಯಿಂದಲೇ ನಿನ್ನ ಸಾಲಿಗೆ ಗೀಟು ಎಳೆದೆ.

ಬೇಗ ಗುಣವಾಗು. ನಿನ್ನ ಆಶೀರ್ವಾದ ಕೇಳಲು ನನಗೆ ಮುಖವಿಲ್ಲ. ನಿನ್ನ ಮಗಳ ಮುತ್ತನ್ನಷ್ಟೇ ಕಳಿಸುತ್ತಿದ್ದೇನೆ.

ನೀನು ಸಾಕಿದ
ಮಸಿಗೈ

ಮತ್ತೆ: ಗಂಟೆ ಹೊಡೆಯಿತು, ಬೇಗ ಹೇಳುತ್ತೇನೆ. ಬಜೆಟ್ಟಿನ ಕರಡನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಊರಿನವರು ಯಾರು ಬೇಕಾದರೂ ಆಕ್ಷೇಪಣೆ ಬರೆದುಕೊಡಬಹುದು, ನೌಕರರು ಮಾತ್ರ ಕೊಡುವಂತಿಲ್ಲ. ಗುತ್ತಿಗೆಯವಳು ನೌಕರಳೇ ಅಲ್ಲ ಎಂದು ನಿನ್ನನ್ನು ಇಷ್ಟು ವರ್ಷ ಹೊರಗಿಟ್ಟರಲ್ಲ, ಅದು ಈಗ ಕೆಲಸಕ್ಕೆ ಬಂತು. ಫಾರಂ ಇದರೊಳಗಿದೆ. ಯಾರ ಕೈಲಾದರೂ ಬರೆಸಿ ಎಡಗೈ ಹೆಬ್ಬೆಟ್ಟು ಒತ್ತು. ಕಡತ ಯಾರ ಮೇಜಿನ ಮೇಲೆ ಕೊಳೆಯಿತೆಂದು ನನ್ನ ಹೆಸರು ಹಾಕಿಯೇ ಬರೆಸು. "ಕಚೇರಿ" ಎಂದು ಬರೆಸಿ ನನ್ನನ್ನು ಉಳಿಸಬೇಡ. ಆಕ್ಷೇಪಣೆಗಳನ್ನು ತುಂಬಿದ ಸಭೆಯಲ್ಲಿ ಎದ್ದುನಿಂತು ಓದುವುದು ಲೆಕ್ಕದ ಗುಮಾಸ್ತನ ಕೆಲಸ. ನಾನಾಗಿ ಹೇಳುವ ಧೈರ್ಯ ನನಗಿಲ್ಲ ಅಕ್ಕಾ. ನೀನು ಬರೆಸಿದರೆ ಓದಲೇಬೇಕು.