ಹೊಳೆಯ ಕೆಸರು ಹೊಳೆಗೇ

ಪ್ರೀತಿಯ ಅಟ್ಟೀಲಿಯೊ,

ನೀನು ರೊಟ್ಟಿ ತರಲು ಹೋಗಿದ್ದೀಯ. ನಾನು ನಿನ್ನ ಅಡುಗೆಮನೆಯ ಮೇಜಿಗೆ ಬಾಗಿ, ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಿಟಕಿಗೆ ಹೋಗಬೇಕೆನಿಸುತ್ತದೆ. ಇಲ್ಲಿಂದ ಹೊಳೆ ಕಾಣುತ್ತದೆ, ಸೇತುವೆಯ ಹೆಂಚಿನ ಮಾಡು ಕಾಣುತ್ತದೆ, ಆಚೆ ದಡದಲ್ಲಿ ನಮ್ಮ ಬೋರ್ಗೊದ ಮನೆಗಳ ಸಾಲೂ ಕಾಣುತ್ತದೆ. ನನ್ನ ಮನೆಯ ಬಾಗಿಲೊಂದು ಕಾಣುವುದಿಲ್ಲ. ತಿಚೀನೊ ಹೊಳೆ ಉಕ್ಕಿತೆಂದು ನೀನು ನನ್ನನ್ನು ಈಚೆಗೆ, ಪಾವಿಯಾದ ನಿನ್ನ ಮನೆಗೆ, ಕರೆತಂದಾಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದೇನೆ.

ನೀನು ನೋಡಿಕೊಂಡದ್ದರಲ್ಲಿ ಕೊರತೆಯಿಲ್ಲ. ಬೆಣ್ಣೆಯಲ್ಲಿ ಹುರಿದ ರೊಟ್ಟಿಯ ಮೇಲೆ ಮೊಟ್ಟೆ ಒಡೆದು, ಬಿಸಿ ಸಾರು ಹೊಯ್ದು ಕೊಟ್ಟೆ. ನಾನು ಮೊದಲ ಚಮಚ ಬಾಯಿಗಿಟ್ಟಾಗಲೇ ನೀನು ಕೇಳಿಬಿಟ್ಟೆ. "ಇಲ್ಲೇ ಇದ್ದುಬಿಡು ಕ್ಲೆಲಿಯಾ. ಆ ಕಪ್ಪೆಗೂಡಿಗೆ ಇನ್ಯಾಕೆ ಹೋಗ್ತೀಯ? ಮದುವೆ ಆಗೋಣ. ಇಬ್ಬರಿಗೂ ಎಪ್ಪತ್ತು ದಾಟಿದೆ, ನಗೋರು ನಗಲಿ ಬಿಡು." ನಾಲಿಗೆ ಸುಟ್ಟಿತು, ನೀರು ಕುಡಿಯಲು ಎದ್ದೆ. ನೀನು ಮತ್ತೆ ಕೇಳಲಿಲ್ಲ, ಪಾಪ.

ಕಪ್ಪೆಗೂಡು ಅಂದೆಯಲ್ಲ, ಅಲ್ಲಿನ ರೀತಿ ನಿನಗೆ ಗೊತ್ತಿಲ್ಲ. ನೀರು ಬರುತ್ತದೆ ಅಂದರೆ ನಾವು ಸಾಮಾನನ್ನೆಲ್ಲ ಮಹಡಿಗೆ ಸಾಗಿಸಿ, ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡನ್ನೂ ತೆರೆದಿಡುತ್ತೇವೆ. ನಾನು ಬೀಗ ಹಾಕದೆ ಹೊರಟಾಗ ನೀನು ಬಾಯಿಬಿಟ್ಟುಕೊಂಡು ನೋಡಿದೆ. ಅಮ್ಮ ಹೊಳೆಯ ಬಗ್ಗೆ ಹೇಳುತ್ತಿದ್ದಳು, "ಬಾಗಿಲು ಹಾಕಿದ್ರೆ ಗೋಡೆ ಒಡ್ಕೊಂಡು ಬರ್ತಾಳೆ. ತೆಗೆದಿಟ್ರೆ ನೆಂಟರ ಹಾಗೆ ಬಂದು ಹೋಗ್ತಾಳೆ." ಆದರೆ ನೆಂಟರು ಹೊರಡುವಾಗ ಮನೆಯವರು ಅಲ್ಲಿರಬೇಕು. ನೀರು ಇಳಿಯುತ್ತಿರುವಾಗಲೇ ಅದರೊಳಗೆ ನಿಂತು ಗೋಡೆ, ನೆಲ ಎಲ್ಲ ಗುಡಿಸಬೇಕು. ಆಗ ಹೊಳೆ ತನ್ನ ಕೆಸರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ತಡವಾದರೆ ಆ ಕೆಸರು ನೆಲದ ಇಟ್ಟಿಗೆಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಹಾರೆಗೂ ಬಗ್ಗುವುದಿಲ್ಲ. ನಮ್ಮ ದಡದಲ್ಲಿ ಬಟ್ಟೆ ಒಗೆಯುವವಳ ಪ್ರತಿಮೆ ಇದೆಯಲ್ಲ, ಅವಳ ಮೊಣಕಾಲು ಕಂಡಿತೆಂದರೆ ಬೋರ್ಗೊದ ಮನೆಮನೆಯಲ್ಲೂ ಪೊರಕೆ ಕೆಳಗಿಳಿಯುತ್ತದೆ.

ಈ ಕಿಟಕಿಗೆ ಆ ಪ್ರತಿಮೆ ಕಾಣುವುದಿಲ್ಲ. ನನಗೆ ಕೆಮ್ಮು, ಸೇತುವೆಯ ಮೇಲೆ ಗಾಳಿ ಎಂದು ದಿನಾ ನೀನೇ ನೋಡಿಬರುತ್ತಿದ್ದೆ. ಇವತ್ತು ಬೆಳಿಗ್ಗೆಯೂ ಬಂದು ಕೋಟು ಬಿಚ್ಚುತ್ತಾ, "ಇನ್ನೂ ಅವಳ ಸೊಂಟದ ತನಕ ಇದೆ" ಅಂದೆ. ನನ್ನ ಮುಖ ನೋಡಲಿಲ್ಲ.

ನೀನು ರೊಟ್ಟಿಗೆಂದು ಮೆಟ್ಟಿಲಿಳಿದ ಮೇಲೆ ಪಿನೂಚ್ಚಾ ಫೋನ್ ಮಾಡಿದಳು. ಬೋರ್ಗೊದಲ್ಲಿ ನನ್ನ ಪಕ್ಕದ ಮನೆಯ ಅವಳು ಎಂಥ ನೆರೆ ಬಂದರೂ ತನ್ನ ಮಹಡಿ ಬಿಟ್ಟವಳಲ್ಲ. "ಏನಮ್ಮಾ ಪಾವಿಯಾದ ಮಹಾರಾಣಿ! ನಿದ್ದೆ ಆಯ್ತಾ? ಬೆಳಗಾದಾಗಿಂದ ಅವಳ ಮೊಣಕಾಲು ಕಾಣ್ತಿದೆ. ನಿನ್ನ ಪಾಲಿನ ಕೆಸರನ್ನೂ ನಾನೇ ಗುಡಿಸ್ಲಾ, ಇಲ್ಲ ಅದರಲ್ಲಿ ಬದನೆಕಾಯಿ ನೆಡ್ಲಾ?"

ಮೈಯೆಲ್ಲ ಉರಿಯಿತು, ಅಟ್ಟೀಲಿಯೊ. ಬಾಗಿಲ ಹತ್ತಿರ ನೋಡಿದರೆ ನನ್ನ ರಬ್ಬರ್ ಬೂಟುಗಳಿಲ್ಲ. ಮನೆಯೆಲ್ಲ ಜಾಲಾಡಿದೆ. ನಿನ್ನ ಚಳಿಗಾಲದ ಕೋಟುಗಳ ಹಿಂದೆ ಸಿಕ್ಕವು. ಬಚ್ಚಿಟ್ಟವನು ಬಚ್ಚಿಟ್ಟು ಸುಮ್ಮನಿರಬಾರದೇ? ತೊಳೆದು, ಒರೆಸಿ, ಒಣಗಲೆಂದು ಒಳಗೆ ಹಳೇ ಪತ್ರಿಕೆ ತುರುಕಿದ್ದೀಯ. ಬೈಯೋಣವೆಂದು ತೆರೆದ ಬಾಯಿಗೆ ಅಳು ಬಂತು.

ಸೇತುವೆಯ ವಿಷಯಕ್ಕೆ ನಾವು ಜಗಳವಾಡಿದ್ದು ನೆನಪಿದೆಯೇ? "ಅದೇ ಹಳೇ ಸೇತುವೆ ಮಾರಾಯ್ತಿ, ಯುದ್ಧದಲ್ಲಿ ಬಾಂಬಿಗೆ ಬಿತ್ತು, ಮತ್ತೆ ಕಟ್ಟಿದ್ರು ಅಷ್ಟೆ" ಎಂದು ನೀನು ಹೇಳಿದೆ. ನಿನಗೆ ಅಷ್ಟೆ. ಒಗೆಯಲೆಂದು ನಿಮ್ಮ ದಡದವರ ಹಾಸಿಗೆ ಬಟ್ಟೆಯ ಗಂಟು ಹೊತ್ತು ನನ್ನಮ್ಮ ದಾಟಿದ್ದು ಈಗ ನೀರಿನಲ್ಲಿ ಮೊಂಡು ಕಂಬವಾಗಿ ನಿಂತಿರುವ ಆ ಇನ್ನೊಂದು ಸೇತುವೆಯನ್ನು. ಸೇತುವೆ ಬದಲಾದರೂ ಬೋರ್ಗೊದವರ ಮಾತು ಬದಲಾಗಿಲ್ಲ. ಎರಡೂ ದಡ ಒಂದೇ ಊರಾದರೂ ದಾಟುವಾಗ ಇಂದಿಗೂ "ಪಾವಿಯಾಗೆ ಹೋಗಿಬರ್ತೀನಿ" ಎನ್ನುತ್ತೇವೆ. ನಾನೂ ಹಾಗೆ ಹೇಳಿಯೇ ಬಂದವಳು.

ಕಿಟಕಿಗೆ ಹೋಗಿಬಂದೆ. ಪಿನೂಚ್ಚಾಳ ಬಾಗಿಲಿನಿಂದ ಕಂದು ನೀರು ಚಿಮ್ಮುತ್ತಿದೆ, ಅವಳು ಶುರುಮಾಡಿಯಾಯಿತು.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು: ನನಗೂ ನೀನು ಬೇಕು. ರಾತ್ರಿ ಪಕ್ಕದ ಕೋಣೆಯಲ್ಲಿ ನೀನು ಕೆಮ್ಮಿದರೆ ನನಗೆ ನೆಮ್ಮದಿಯಾಗುತ್ತದೆ, ನಗಬೇಡ. ಚಳಿಗಾಲದಲ್ಲಿ ನಿನ್ನ ಈ ಬೆಚ್ಚಗಿನ ಮನೆಯಲ್ಲೇ ಇರೋಣ. ಆದರೆ ಹೊಳೆ ಏರಿದ ದಿನ ನಾವಿಬ್ಬರೂ ಅಲ್ಲಿರಬೇಕು. ಒಪ್ಪಿದರೆ ಮದುವೆ, ಇಲ್ಲದಿದ್ದರೆ ನೀನು ಕೊಟ್ಟ ಸಾರಿಗೆ ಋಣಿ.

ಬೋರ್ಗೊದ ನಮ್ಮ ಮನೆಯ ಮೆಟ್ಟಿಲ ತುದಿಯಲ್ಲಿ, ಮೊಳೆಗೆ ಎರಡು ಕಡ್ಡಿ ಪೊರಕೆ ನೇತುಹಾಕಿದೆ. ಒಂದು ನನ್ನದು. ಇನ್ನೊಂದು ನನ್ನ ಗಂಡ ರೆಮೋನದು. ಅವನು ಹೋದಮೇಲೆ ಅದನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಹಿಂದಿನ ನೆರೆಯಲ್ಲಿ ಪಿನೂಚ್ಚಾಳ ಅಳಿಯ ಸಹಾಯಕ್ಕೆಂದು ಕೈಚಾಚಿ ನನ್ನಿಂದ ಬೈಸಿಕೊಂಡ.

ನೀನು ಬಂದರೆ ಅದನ್ನು ತೆಗೆದುಕೋ.

ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು. ರೊಟ್ಟಿಯನ್ನೂ ತಾ, ಹಸಿವಾಗುತ್ತದೆ. ಬಾಗಿಲು ತಟ್ಟಬೇಕಾಗಿಲ್ಲ, ಎರಡೂ ತೆರೆದೇ ಇವೆ.

ದೇವರು ನಿನ್ನ ಕಾಲು ಒದ್ದೆ ಮಾಡಲಿ.

ಹೋಗಿಬರ್ತೀನಿ,
ನಿನ್ನ ಕ್ಲೆಲಿಯಾ