ಹೌದು ಎನ್ನುವವರು ಲೈನಿನಲ್ಲಿರಿ

ಮಾರ್ಚ್ 3, ಬೆಳಿಗ್ಗೆ 10
ಕಾರ್ಯಕ್ರಮ ಮುಗಿಯಿತು. ಹೊಸ ಸಂವಿಧಾನ ಬೇಕೋ ಬೇಡವೋ — ಈ ತಿಂಗಳ ಓಟಿಗೆ ಮೊದಲು ಜನ ರೇಡಿಯೊಗೆ ಫೋನ್ ಮಾಡಿ ಹೇಳುವುದು. ಮೊದಲು ಎತ್ತುವವಳು ನಾನು. ವಿಷಯ ಕೇಳಿಕೊಂಡು ಸ್ಟುಡಿಯೊಗೆ ಕಳಿಸಬೇಕು. ಇವತ್ತಿನಿಂದ ಉತ್ತರ ಕೊಡಲು ಕರಡು ಸಮಿತಿಯ ವಕ್ತಾರರು. ಅಂದರೆ ನನ್ನ ಮಾಜಿ ಗಂಡ. ಗಾಜಿನಾಚೆಯಿಂದ ತಲೆಯಾಡಿಸಿದ, ಪಕ್ಕದ ಬೀದಿಯವಳಿಗೆ ಆಡಿಸಿದ ಹಾಗೆ.

ಮಗಳ ಪಾಸ್‌ಪೋರ್ಟ್ ಫಾರಂಗೆ ತಂದೆಯ ಸಹಿ ಬೇಕು, ಅವಳಿಗಿನ್ನೂ ಹದಿನೇಳು. ಎರಡು ವರ್ಷದಿಂದ ಇವತ್ತು, ನಾಳೆ ಎಂದು ಸತಾಯಿಸುತ್ತಿದ್ದಾನೆ. ಹೊರದೇಶದ ನರ್ಸಿಂಗ್ ಕಾಲೇಜು ಮುಂದಿನ ತಿಂಗಳವರೆಗೆ ಮಾತ್ರ ಕಾಯುತ್ತದೆ.

"ಬೇಡ" ಎಂದವರನ್ನೆಲ್ಲ ಒಳಗೆ ಬಿಟ್ಟೆ. "ಹೌದು" ಎಂದವರಿಗೆ "ಲೈನಿನಲ್ಲಿರಿ" ಎಂದು ಸಂಗೀತ ಹಾಕಿದೆ. ಗಾಜಿನಾಚೆ ಅವನು ಬೆವರಿದ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 5
ಹನ್ನೊಂದು ಬೇಡ. ಹೌದು ಒಂದೂ ಇಲ್ಲ. ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಂತ.
"ನಮ್ಮ ಕಡೆಯವರು ಯಾರೂ ಮಾಡ್ತಾ ಇಲ್ವಾ?"
"ಬಂದಿದ್ದನ್ನ ಕಳಿಸ್ತೀನಿ ಸಾರ್."
ಸಾರ್ ಎಂದದ್ದು ಚೆನ್ನಾಗಿ ನಾಟಿತು. ಪೇಪರಿನಲ್ಲೂ ಬಂದಿದೆ, ಜನಾಭಿಪ್ರಾಯ ಕರಡಿಗೆ ವಿರುದ್ಧ ಎಂದು. ಆಧಾರ? ನಮ್ಮ ಕಾರ್ಯಕ್ರಮ. ಜನಾಭಿಪ್ರಾಯ ಅಂದರೆ ಈಗ ನಾನೇ.

ಮಾರ್ಚ್ 6
ಮಗಳು ಕರಡಿನ ಪುಸ್ತಕ ಹಿಡಿದು ಊಟಕ್ಕೆ ಬಂದಳು. "ಅಮ್ಮಾ, ಇದು ಪಾಸಾದ್ರೆ ನಿನ್ನ ಸಹಿ ಒಂದೇ ಸಾಕಂತೆ."
ನಾಳೆಯಿಂದ ಎಲ್ಲರನ್ನೂ ಬಿಡುತ್ತೇನೆ. ಆಣೆ.

ಮಾರ್ಚ್ 7, 9.40
ಹೌದು ಎಂದ ಇಬ್ಬರನ್ನು ಬಿಟ್ಟೆ. ಅಷ್ಟರಲ್ಲಿ ಅವನೇ ಬಾಯಿಬಿಟ್ಟ: "ತಾಯಿ ಸಹಿ ಸಾಕು ಅಂತ ಬರೆಸಿದ್ದು ನಾನೇ. ನನಗೂ ಒಬ್ಬಳು ಮಗಳಿದ್ದಾಳೆ. ಅವಳೇ ನನ್ನ ಪ್ರಾಣ."
ಪ್ರಾಣವಂತೆ... ಮೈಯೆಲ್ಲ ಉರಿಯಿತು. ಆಮೇಲಿನ ಲೈನೆಲ್ಲ ಬೇಡ ಎಂದವರಿಗೇ. ಓಟಿನ ದಿನದವರೆಗೂ ಹಾಗೇ.

ಮಾರ್ಚ್ 21
ಕರಡು ಬಿದ್ದುಹೋಯಿತು. ಹೌದು ಎಂದವರು ನೂರಕ್ಕೆ ನಲವತ್ತೊಂಬತ್ತು. ಅವನ ಹುದ್ದೆಯೂ ಹೋಯಿತು. ಕುಣಿಯಬೇಕಿತ್ತು ನಾನು.

ನಾನೂ ಹೌದು ಎಂದೇ ಹಾಕಿದ್ದೆ. ಒಂದು ಓಟು.

ಮಗಳು ಅಳಲಿಲ್ಲ. ಫಾರಂ ಮಡಚಿ ನನ್ನ ಬ್ಯಾಗಿಗೆ ಹಾಕಿದಳು. "ಇನ್ನೊಂದ್ಸಲ ನೀನೇ ಕೇಳಮ್ಮ."

ಮಾರ್ಚ್ 23
ಅವನ ಮನೆಗೆ ಹೋಗಿದ್ದೆ. ಫಾರಂ ತೆಗೆದುಕೊಂಡ. ಕೂತ. ಪೆನ್ನಿನ ಮುಚ್ಚಳ ಬಿಚ್ಚಿದ. ಆಮೇಲೆ ತಲೆಯೆತ್ತಿ —
"ಒಂದು ಮಾತು ಹೇಳು. ಅಷ್ಟೂ ದಿನದಲ್ಲಿ ಹೌದು ಅಂತ ಫೋನ್ ಮಾಡಿದ್ದು ಇಬ್ಬರೇನಾ?"
ಪೆನ್ನು ಕಾಗದದ ಮೇಲೇ ಇತ್ತು. ನಾನು ಸಹಿಯ ಜಾಗಕ್ಕೆ ಬೆರಳಿಟ್ಟು "ಬಂದಿದ್ದನ್ನೆಲ್ಲ ಕಳಿಸಿದೆ ಸಾರ್" ಎಂದೆ.